ಕೊಡೆಗಾಡಿಯ ಕೊಟ್ರಪ್ಪನವರು

ಕೊಟ್ರಪ್ಪನವರು ಯಾರ ಮನೆಗೆ ಹೋದರೂ ಚಪ್ಪಲಿ ಬಿಡುವ ಮೊದಲು ಆಕಾಶದ ಆಗ್ನೇಯ ಮೂಲೆಯನ್ನೊಮ್ಮೆ ನೋಡುತ್ತಿದ್ದರು. ಅಲ್ಲಿ ತೆಂಗಿನ ಗರಿಯೋ ನೀರಿನ ಟ್ಯಾಂಕೋ ಅಡ್ಡ ಇದ್ದರೆ ಅವರ ಮುಖ ಸಪ್ಪಗಾಗುತ್ತಿತ್ತು. ನನ್ನ ತಂಗಿಯ ಮದುವೆಗೆ ಬಂದವರು ಅಕ್ಷತೆ ಕೈಯಲ್ಲಿ ಹಿಡಿದುಕೊಂಡೇ, "ಛತ್ರ ಚಲೋ ಐತಿ ರಂಗಪ್ಪ. ಆಗ್ನೇಯ ಮಾತ್ರ ಪೂರ್ತಿ ಮುಚ್ಚೈತಿ" ಎಂದರು. ಪಕ್ಕದಲ್ಲಿದ್ದವರು ಇವರನ್ನು ವಾಸ್ತು ಹೇಳುವವರೆಂದೇ ತಿಳಿದು ತಮ್ಮ ಅಡುಗೆಮನೆಯ ಕಷ್ಟ ಹೇಳಿಕೊಳ್ಳಲು ಶುರುಮಾಡಿದರು.

ವಾಸ್ತುವಲ್ಲ, ಉಪಗ್ರಹ. ಟಿವಿಗೆ ಚಿತ್ರ ಕಳಿಸುವ ಉಪಗ್ರಹ ನಮ್ಮ ಕಡೆಯಿಂದ ನೋಡಿದರೆ ಆಗ್ನೇಯಕ್ಕೆ, ನೆತ್ತಿಗಿಂತ ಸ್ವಲ್ಪ ಕೆಳಗೆ ನಿಂತಿರುತ್ತದಂತೆ. ಜಾಲಹಳ್ಳಿಯ ಕಾರ್ಖಾನೆಯಲ್ಲಿ ಅವರು ಮೂವತ್ತು ವರ್ಷದಿಂದ ಆಂಟೆನಾ ವಿಭಾಗದ ಫಿಟ್ಟರ್. ನಾನು ಅದೇ ಕಾರ್ಖಾನೆಯ ಸ್ಟೋರ್ಸ್‌ನಲ್ಲಿದ್ದೆ. ಕ್ವಾರ್ಟರ್ಸಿನಲ್ಲಿ ನಮ್ಮಿಬ್ಬರ ಮನೆಗೆ ನಡುವೆ ಒಂದೇ ಗೋಡೆ. ಹಣೆಯ ಮೇಲೆ ಮೂರು ಗೆರೆ ವಿಭೂತಿ, ಜೇಬಿನಲ್ಲಿ ದಿಕ್ಸೂಚಿ, ಬಾಯಲ್ಲಿ ಕೊಟ್ಟೂರಿನ ಮಾತು. ಬೆಂಗಳೂರಿಗೆ ಅವರ ನಾಲಿಗೆಯನ್ನು ಏನೂ ಮಾಡಲಾಗಿರಲಿಲ್ಲ.

ಗೋಡೆ ಒಂದೇ ಆದದ್ದರಿಂದ ಅವರ ಮನೆಯ ಟಿವಿ ನಮಗೂ ಕೇಳುತ್ತಿತ್ತು. ಬೆಳಗ್ಗೆ ಆರಕ್ಕೆ ಶುರುವಾದರೆ ರಾತ್ರಿಯವರೆಗೂ ನಿಲ್ಲುತ್ತಿರಲಿಲ್ಲ. ಅವರ ಒಬ್ಬಳೇ ಮಗಳು ಶೈಲಾ ಕಾಲೇಜಿಗೆ ಹೋಗುತ್ತಿದ್ದವಳು, ಕಾಮಾಲೆ ಬಂದು ಹದಿನೈದೇ ದಿನದಲ್ಲಿ ತೀರಿಕೊಂಡಳು. ಅವಳ ತಾಯಿ ಹಾಲಮ್ಮನವರು ಅಂದಿನಿಂದ ಟಿವಿಯ ಮುಂದೆ ಕೂತವರು ಏಳಲೇ ಇಲ್ಲ. ಹಿಂದಿ ವಾರ್ತೆ, ರೇಷ್ಮೆ ಹುಳು ಸಾಕುವ ವಿಧಾನ, ಎಲ್ಲೋ ನಡೆಯುವ ಟೆನಿಸ್ ಆಟ, ಏನು ಬಂದರೂ ಸರಿ. ಅವರು ನೋಡುತ್ತಿದ್ದರು ಎಂದು ಹೇಳಲಾರೆ. ನನ್ನ ಹೆಂಡತಿ ಒಮ್ಮೆ ಮೆಲ್ಲಗೆ ಕೇಳಿದ್ದಕ್ಕೆ, "ಮನಿ ಸುಮ್ನಾದ್ರ ಅಕಿ ಒಳಗಿಂದ ಕರದಂಗಾಗ್ತೈತಿ ತಂಗಿ" ಎಂದಿದ್ದರಂತೆ. ಆಮೇಲೆ ನಾವು ಯಾರೂ ಕೇಳಲಿಲ್ಲ.

ಎರಡು ವರ್ಷ ಹೊಸಿಲು ದಾಟದ ಹೆಂಡತಿಯನ್ನು ಹೇಗಾದರೂ ಮನೆಯಿಂದ ಹೊರಗೆ ತರಬೇಕು ಎನ್ನುವುದೊಂದೇ ಕೊಟ್ರಪ್ಪನವರ ಆಸೆ. ಟಿವಿ ಬಿಟ್ಟು ಬರುವುದಿಲ್ಲ ಎಂದು ಆಕೆಯ ಹಟ. ಬೇರೆ ಗಂಡನಾಗಿದ್ದರೆ ಬೈಯುತ್ತಿದ್ದ, ಇಲ್ಲ ಸ್ವಾಮಿಗಳ ಹತ್ತಿರ ಕರೆದೊಯ್ಯುತ್ತಿದ್ದ. ಇವರು ಹರಾಜಿನಲ್ಲಿ ಒಂದು ಹಳೆಯ ಮೆಟಡಾರ್ ವ್ಯಾನು ಕೊಂಡುಬಿಟ್ಟರು. ಪೀಣ್ಯದ ಗೆಳೆಯನ ಶೆಡ್ಡಿನಲ್ಲಿ ಆರು ತಿಂಗಳು ಭಾನುವಾರಗಳನ್ನು ಸುರಿದು ಅದರೊಳಗೆ ಮಂಚ, ಸ್ಟೌ, ಟಿವಿ, ಲಾರಿಯ ಎರಡು ಬ್ಯಾಟರಿ ಕೂರಿಸಿದರು. ಮೇಲೆ ಎಂಟಡಿ ಅಗಲದ ಜಾಲರಿ ಡಿಶ್. ದಳ ದಳವಾಗಿ ಬಿಚ್ಚಿ ಮಡಚುವಂಥದ್ದು. ಕ್ವಾರ್ಟರ್ಸಿನ ಹುಡುಗರು ಅದಕ್ಕೆ ಕೊಡೆಗಾಡಿ ಎಂದು ಹೆಸರಿಟ್ಟರು. ಇಷ್ಟೆಲ್ಲ ಮಾಡಿದವರಿಗೆ ಗಾಡಿ ಓಡಿಸಲು ಬರುತ್ತಿರಲಿಲ್ಲ. "ನೀ ಅದೀಯಲ್ಲ" ಎಂದರು. ಹೀಗೆ ನಾನು ಡ್ರೈವರನಾದೆ.

ಮೊದಲ ಸಲ ಶಿರಾ ದಾಟಿ, ಟಾರು ರಸ್ತೆ ಬಿಟ್ಟು, ಒಂದು ಗುಡ್ಡದ ಬುಡಕ್ಕೆ ಹೋದೆವು. ಕರೆಂಟಿನ ಕಂಬ ಕೂಡ ಕಾಣದ ಜಾಗ. ಬಿಸಿಲೆಂದು ನಾನು ಗಾಡಿಯನ್ನು ಹುಣಸೆ ಮರದ ಕೆಳಗೆ ನಿಲ್ಲಿಸಿ ಜಾಣನಂತೆ ಕೆಳಗಿಳಿದೆ. ಕೊಟ್ರಪ್ಪನವರು ಡಿಶ್ ಬಿಚ್ಚಿ, ಅದರ ಅಂಚಿಗೆ ಮಗಳ ಕಂಪಾಸ್ ಪೆಟ್ಟಿಗೆಯ ಕೋನಮಾಪಕ ಕಟ್ಟಿ, ತೂಗುಗುಂಡು ಇಳಿಬಿಟ್ಟು ಕೋನ ನೋಡಿದರು. ಚಿತ್ರ ಬರಲಿಲ್ಲ. "ನಿನ್ನ ಹುಣಸಿಮರ ಉಪಗ್ರಹನ ನುಂಗಿ ಕುಂತೈತಿ ಮಾರಾಯ" ಎಂದರು. ಗಾಡಿ ಸರಿಸಿ ಮತ್ತೆ ಕೂರಿಸುವಷ್ಟರಲ್ಲಿ ಒಳಗಿಂದ ಹಾಲಮ್ಮನವರ ದನಿ ಬಂತು. "ಮನಿಗೆ ಹೋಗೂಣ." ಅಷ್ಟೇ. ಹೊರಟು ಬಂದೆವು.

ಆಮೇಲೆ ಇನ್ನೂ ಮೂರು ಸಲ ಹೋದೆವು. ಚಿತ್ರವೇನೋ ಬರುತ್ತಿತ್ತು. ಕುರಿ ಕಾಯುವ ಮುದುಕನೊಬ್ಬ ಡಿಶ್ಶನ್ನು ಎರಡು ಸುತ್ತು ಹಾಕಿ, "ಇದ್ರಾಗೆ ಮಳೆ ಇಡೀತೀರಾ ಸಾಮಿ?" ಎಂದು ಕೇಳಿದ. "ಮಳಿ ಒಂದು ಬಿಟ್ಟು ಬಾಕಿ ಎಲ್ಲ ಬೀಳ್ತೈತಪ್ಪ" ಎಂದರು ಕೊಟ್ರಪ್ಪನವರು. ಒಳಗೆ ಹಾಲಮ್ಮನವರು ಪರದೆ ಎಳೆದುಕೊಂಡು ಕೂತಿರುತ್ತಿದ್ದರು. ಗಾಡಿಯಿಂದ ಕೆಳಗೆ ಕಾಲಿಡುತ್ತಿರಲಿಲ್ಲ. ಜಾಲಹಳ್ಳಿಯಲ್ಲಿ ಕೂತಂತೆಯೇ ಅಲ್ಲಿಯೂ ಕೂತು, ಹಾಗೆಯೇ ಮರಳುತ್ತಿದ್ದರು. ಡೀಸೆಲ್ ಸುಟ್ಟು ನಾವು ಅವರ ನಡುಮನೆಯನ್ನೇ ಊರೂರು ತಿರುಗಿಸುತ್ತಿದ್ದೇವೆ ಎಂದು ನನಗೆ ಸಿಟ್ಟೂ ಬರುತ್ತಿತ್ತು.

ಸೆಪ್ಟೆಂಬರ್ ಕೊನೆಯಲ್ಲಿ ಅವರು ಇನ್ನೊಮ್ಮೆ ಕರೆದಾಗ ನಾನು ಸಾಕು ಎಂದೆ. ಅವರು ಗೋಡೆಯ ಕ್ಯಾಲೆಂಡರಿನಲ್ಲಿ ಪೆನ್ಸಿಲಿನಿಂದ ಸುತ್ತು ಹಾಕಿದ್ದ ನಾಲ್ಕೈದು ದಿನಗಳನ್ನು ತೋರಿಸಿದರು. ವರ್ಷಕ್ಕೆ ಎರಡು ಸಲ, ಕೆಲವೇ ದಿನ, ಬೆಳಗ್ಗೆ ಹನ್ನೊಂದರ ಸುಮಾರಿಗೆ ಸೂರ್ಯ ಸರಿಯಾಗಿ ಉಪಗ್ರಹದ ಬೆನ್ನ ಹಿಂದೆ ಬರುತ್ತಾನಂತೆ. ಆಗ ಡಿಶ್ಶಿಗೆ ಸೂರ್ಯನ ಗದ್ದಲವೇ ತುಂಬಿಕೊಂಡು ಹತ್ತು ನಿಮಿಷ ಚಿತ್ರ ಸಾಯುತ್ತದೆ. ಯಾರಿಗೂ ಏನೂ ಮಾಡಲಾಗದು.

"ಅದು ಮನೆ ಮೇಲಿನ ಡಿಶ್ಶಿಗೂ ಆಗತ್ತಲ್ರೀ, ಅಲ್ಲೀವರೆಗೂ ಯಾಕೆ ಹೋಗ್ಬೇಕು?" ಎಂದೆ.

"ಮನಿಯಾಗ ಚಿತ್ರ ಹೋದ್ರ ಗೋಡಿ ಕಡೆ ಮುಖ ಮಾಡಿ ಮಲಗ್ತಾಳ. ಅಲ್ಲಿ ಗೋಡಿ ಇಲ್ಲ."

ಅದೇ ಗುಡ್ಡದ ಬುಡ. ಹನ್ನೊಂದಾಗಲು ಸ್ವಲ್ಪ ಮೊದಲು ಟಿವಿಯ ಮಾತು ಒಡೆಯತೊಡಗಿತು, ಮಂಡಕ್ಕಿ ಹುರಿದಂಥ ಸದ್ದು ಬಂತು. ಕೊಟ್ರಪ್ಪನವರು ಸ್ಪ್ಯಾನರ್ ಹಿಡಿದು ಡಿಶ್ಶಿನ ಹಿಂದೆ ಸುಮ್ಮನೆ ಬಗ್ಗಿ ನಿಂತರು. ಗಾಡಿಯ ಪರದೆ ಸರಿಯಿತು. ಹಾಲಮ್ಮನವರು ಮೆಟ್ಟಿಲು ಹಿಡಿದುಕೊಂಡು ಬರಿಗಾಲಲ್ಲಿ ಕೆಳಗಿಳಿದರು.

"ಏನಾತು?"

"ಗೊತ್ತಾಗವಲ್ದು. ನೋಡ್ತೀನಿ, ಕುಂದ್ರು."

ಅವರು ಬಂಡೆಯೊಂದರ ಮೇಲೆ ಕೂತರು. ವರ್ಷಗಳಿಂದ ಬಿಸಿಲು ಕಾಣದ ಮುಖ ಬಿಳಚಿಕೊಂಡಿತ್ತು. ಸ್ವಲ್ಪ ಹೊತ್ತು ಕುರಿಗಳನ್ನು ನೋಡಿದರು, ಆಮೇಲೆ ಡಿಶ್ಶಿನ ಅಂಚಿಗೆ ತೂಗುತ್ತಿದ್ದ ಕೋನಮಾಪಕವನ್ನು ನೋಡಿದರು.

"ಇದು ಶೈಲಂದು."

"ಹೂಂ."

"ಹೆಸರು ಕೊರದಾಳ ನೋಡ್ರಿ, ಕಂಪಾಸಿನ ಮೊಳಿಲೆ. ಆವತ್ತು ಬೈದಿದ್ದೆ ನಾನು."

ಕೊಟ್ರಪ್ಪನವರು ಏನೋ ಹೇಳಲು ಬಾಯಿ ತೆರೆದರು. ಅಷ್ಟರಲ್ಲಿ ಗಾಡಿಯೊಳಗೆ ಯಾರೋ ಸೋಪಿನ ಜಾಹೀರಾತು ಹಾಡತೊಡಗಿದರು. ಹಾಲಮ್ಮನವರು ಎದ್ದು ಸೀರೆ ಕೊಡವಿಕೊಂಡು ಒಳಗೆ ಹೋದರು. ಪರದೆ ಮುಚ್ಚಿತು.

"ಹತ್ತು ನಿಮಿಷ ಸಿಕ್ತು" ಎಂದರು ಕೊಟ್ರಪ್ಪನವರು. ಮರುದಿನ ಇನ್ನೊಂದು ಎಂಟು ನಿಮಿಷ ಸಿಕ್ಕಿತು. ಮಾರ್ಚಿನಲ್ಲಿ ಮತ್ತೆ ಎರಡು ದಿನ. ಒಟ್ಟು ಅಷ್ಟೇ.

ಆ ಆಷಾಢದಲ್ಲಿ ಕೊಟ್ರಪ್ಪನವರು ಕಾರ್ಖಾನೆಯಲ್ಲಿ ಕೆಲಸ ಮಾಡುತ್ತಿದ್ದ ಮೇಜಿನ ಮೇಲೆಯೇ ತಲೆಯಿಟ್ಟರು. ಆಸ್ಪತ್ರೆಗೆ ಒಯ್ಯುವಷ್ಟರಲ್ಲಿ ಮುಗಿದಿತ್ತು. ಅವರ ಪದ್ಧತಿಯಂತೆ ಕೂರಿಸಿ ಮಣ್ಣು ಕೊಟ್ಟರು. ಆಗ್ನೇಯದಲ್ಲಿ ಒಂದು ಮರವೂ ಇಲ್ಲದ ಜಾಗ. ನಾನು ಅದನ್ನೇ ನೋಡುತ್ತ ನಿಂತಿದ್ದೆ. ಅಳು ಬರಲಿಲ್ಲ. ಮಲಗಿದಾಗ ಕೈ ಮಗ್ಗುಲಡಿ ಸಿಕ್ಕಿ ಜೋಮು ಹಿಡಿದಿರುತ್ತದಲ್ಲ, ಹಾಗಿತ್ತು. ಹಿಡಿ ಮಣ್ಣು ಹಾಕಿ ಬಂದು ಸ್ನಾನ ಮಾಡಿ ಉಂಡೆ. ಗೋಡೆಯಾಚೆ ಟಿವಿ ನಡೆಯುತ್ತಲೇ ಇತ್ತು.

ಹಾಲಮ್ಮನವರು ಕ್ವಾರ್ಟರ್ಸ್ ಖಾಲಿ ಮಾಡಲು ಇನ್ನೂ ಸ್ವಲ್ಪ ದಿನ ಇರುವಾಗ, ಸೆಪ್ಟೆಂಬರ್ ಕೊನೆಯ ಒಂದು ಬೆಳಗ್ಗೆ, ನಾನು ರಜೆ ಹಾಕಿ ಮನೆಯಲ್ಲಿದ್ದೆ. ಗೋಡೆಯಾಚೆಯ ಮಾತು ಒಡೆದು ಮಂಡಕ್ಕಿ ಹುರಿಯುವ ಸದ್ದಾಯಿತು. ಇನ್ನು ಗೋಡೆಯ ಕಡೆ ಮುಖ ಮಾಡಿ ಮಲಗುತ್ತಾರೆ ಎಂದುಕೊಂಡೆ. ಬಾಗಿಲ ಚಿಲಕ ಸರಿದದ್ದು ಕೇಳಿಸಿತು. ಹೊರಗೆ ಬಂದು ನೋಡಿದರೆ ಹಾಲಮ್ಮನವರು ಅಂಗಳದಲ್ಲಿ ನಿಂತ ಕೊಡೆಗಾಡಿಯ ಮೆಟ್ಟಿಲ ಮೇಲೆ ಬಿಸಿಲಿಗೆ ಕೂತಿದ್ದರು. ಕೈಯಲ್ಲಿ ಕೋನಮಾಪಕವಿತ್ತು.

"ಮನೆ ಡಿಶ್ ಕೆಟ್ಟಿದೆಯೇನೋ, ನೋಡ್ಲಾ ಅಕ್ಕ?" ಎಂದುಬಿಟ್ಟೆ.

"ನೀನೂ ಹಂಗ ಅಂತೀಯಲ್ಲ" ಎಂದರು. "ಕ್ಯಾಲೆಂಡರಿನಾಗ ಸುತ್ತು ಹಾಕಿರ್ತಿದ್ರು. ಅದೇನಂತ ನನಗ ಗೊತ್ತಿಲ್ಲೇನು? ಈ ವರ್ಷದ್ದೂ ಹಾಕಿಟ್ಟು ಹೋಗ್ಯಾರ. ಕುಂದ್ರು, ಇನ್ನಾ ಎಂಟು ನಿಮಿಷ ಐತಿ."

ಕೂತೆ. ಅವರು ಮಗಳ ಬಗ್ಗೆ ಹೇಳಿದರು, ಗಂಡನ ಬಗ್ಗೆಯೂ ಹೇಳಿದರು. ಒಳಗೆ ಟಿವಿಯ ಮಾತು ಮರಳಿ ಬಂತು. ಎದ್ದು ಹೋಗುತ್ತಾರೆಂದು ನಾನು ಕಾಲು ಸರಿಸಿ ದಾರಿ ಬಿಟ್ಟೆ. ಹಾಲಮ್ಮನವರು ಏಳಲಿಲ್ಲ.