ವರರನ್ನೆಲ್ಲ ಅಳಿಸಿದ ದಿನ

ಬೈಲಹೊಂಗಲದಲ್ಲಿ ಮದುವೆ ಸಂಬಂಧ ಕುದುರಿಸುತ್ತಿದ್ದ ಶಾಂತಕ್ಕ, ಹಳೆಯ ಕಂಪ್ಯೂಟರ್ ಮಾರುವ ಮುಂಚೆ ರಿಪೇರಿಯವನಾದ ನನ್ನನ್ನು ಕರೆಸಿದರು. ಪ್ರತಿ ವರನ ಬಗ್ಗೆ ಅನ್ನಿಸಿದ್ದನ್ನೆಲ್ಲ ಅದರಲ್ಲಿ ಬರೆದಿಟ್ಟಿದ್ದರು. ಈಗ ಅದನ್ನು ಕೊಳ್ಳುತ್ತಿದ್ದವರು ಅಂಥ ಒಬ್ಬ ವರನ ಅಪ್ಪ.

“ಎಲ್ಲಾ ಡಿಲೀಟ್ ಮಾಡೇನಿ ತಮ್ಮಾ, ಸಾಕಲ್ಲ?”

ನಾನು ಅವರ ಕಣ್ಣೆದುರೇ ಒಂದು ಫೈಲು ಮರಳಿ ತಂದೆ. ‘ಗೊರಕಿ ಹೊಡೀತಾನ. ಬಾಳ ಜುಗ್ಗ.’

ಶಾಂತಕ್ಕ ಹೌಹಾರಿದರು. “ಯವ್ವಾ, ಮತ್ತ ಎದ್ದ ಬಂದ್ನಲ್ಲೋ! ಬೇರು ಸಮೇತ ಕಿತ್ತ ಒಗಿ!”

ಹಳೆಯದರ ಗುರುತೂ ಉಳಿಯದಂತೆ ಡಿಸ್ಕಿನ ತುಂಬ ಬರೀ ಸೊನ್ನೆ ಬರೆಯುವ ಸಾಫ್ಟ್‌ವೇರ್ ಹಚ್ಚಿದೆ. ಸಂಜೆಗೆ ಮುಗಿಯಿತು. ಎಷ್ಟು ಕೆದಕಿದರೂ ಏನೂ ಸಿಗಲಿಲ್ಲ.

ಶಾಂತಕ್ಕ ಖುಷಿಯಿಂದ ಚಹಾ ಕೊಟ್ಟರು. “ನಿಮ್ಮವ್ವ ನಿನ್ನ ಫೋಟೋನೂ ಕೊಟ್ಟಿದ್ರು. ನಿನ್ನ ಬಗ್ಗೆನೂ ಬರದಿದ್ದೆ ತಮ್ಮಾ.”

“ಏನಂತ ಬರದಿದ್ರಿ ಅಕ್ಕಾರ?”

“ನೆನಪಿರೂದಾಗಿದ್ರ ಯಾಕ ಬರೀತಿದ್ದೆ?”

ಅವತ್ತೊಂದು ದಿನ ನನ್ನ ಕೆಲಸ ಅಷ್ಟು ಪಕ್ಕಾ ಆಗಬಾರದಿತ್ತು.