ಚಾಲೂ ಬಿಟ್ಟ ಗಾಡಿ

ನಾನು ಅವತ್ತು ಇಂಜಿನ್ ಬಂದ್ ಮಾಡಲಿಲ್ಲ. ಅಣ್ಣ ಮಾಡು ಅಂದ, ನಾನು ಮಾಡಲಿಲ್ಲ. ಸ್ಟಾಪರ್ ಕೈ ಚಾಚಿದರೆ ಸಿಗುವಷ್ಟು ಹತ್ತಿರದಲ್ಲಿತ್ತು. ಎಳೆಯಲಿಲ್ಲ.

ಮುಂದೆ ಹೇಳುವುದೆಲ್ಲ ನನ್ನ ಮೈಮೇಲೆಯೇ ನಡೆದದ್ದು. ಏಳನೆಯ ಇಯತ್ತೆಗೆ ಶಾಲೆ ಬಿಟ್ಟವನು ನಾನು, ಕತೆ ಕಟ್ಟುವುದು ನನಗೆ ಬರುವುದಿಲ್ಲ. ಸುಳ್ಳೇ ಹೇಳುವುದಿದ್ದರೆ ನನ್ನನ್ನು ಇದಕ್ಕಿಂತ ಒಳ್ಳೆಯವನನ್ನಾಗಿ ಮಾಡಿಕೊಂಡು ಹೇಳುತ್ತಿದ್ದೆ.

ನಮ್ಮದು ಹಳೇ ಹುಬ್ಬಳ್ಳಿ. ಅಣ್ಣ ಈರಣ್ಣ, ನಾನು ಮಲ್ಲಪ್ಪ. ಇಬ್ಬರೂ ಒಬ್ಬರೇ ಮಾಲೀಕರ ಒಂದೇ ಲಾರಿ ಓಡಿಸುತ್ತಿದ್ದೆವು. ಹಳೆಯ ಗಾಡಿ. ಅಂಥ ಡೀಸೆಲ್ ಗಾಡಿ ಕೀಲಿ ತಿರುಗಿಸಿದರೆ ಬಂದ್ ಆಗುವುದಿಲ್ಲ. ಸ್ಟೇರಿಂಗ್ ಕೆಳಗೆ ಒಂದು ಕರಿ ಹಿಡಿ ಇರುತ್ತದೆ, ಅದನ್ನೇ ಸ್ಟಾಪರ್ ಅನ್ನುತ್ತೇವೆ. ಅದನ್ನು ಕೈಯಿಂದ ಜಗ್ಗಿದರೆ ಡೀಸೆಲ್ ನಿಂತು ಇಂಜಿನ್ ಸಾಯುತ್ತದೆ. ಮತ್ತೆ ಒಳಗೆ ಒತ್ತುವ ತನಕ ಗಾಡಿ ಚಾಲೂ ಆಗುವುದಿಲ್ಲ.

ನಮ್ಮ ಗಾಡಿಯ ಬ್ಯಾಟರಿ ಸತ್ತು ಹೋಗಿತ್ತು. ಒಮ್ಮೆ ಬಂದ್ ಮಾಡಿದರೆ ದೂಡಬೇಕು, ಇಲ್ಲವೇ ಇಳಿಜಾರು ಹುಡುಕಬೇಕು. ಹೀಗಾಗಿ ಚಹಾ ಕುಡಿಯಲು ನಿಂತರೂ ನಾನು ಚಾಲೂ ಬಿಟ್ಟೇ ಇಳಿಯುತ್ತಿದ್ದೆ. ಅಣ್ಣನದು ಬೇರೆಯೇ ನೇಮ. ಗಾಡಿಯ ಹಿಂದೆ ಅಥವಾ ಕೆಳಗೆ ಒಬ್ಬ ಮನುಷ್ಯ ಇದ್ದಾನೆಂದರೆ ಇಂಜಿನ್ ಬಂದ್ ಆಗಲೇಬೇಕು. ದೂಡುವ ಪ್ರಸಂಗ ಬಂದರೂ ಸರಿ. ಹಿಂದಿನವನು ಲಾರಿಯ ಬಾಡಿಯನ್ನು ಅಂಗೈಯಿಂದ ಬಡಿದರೆ ಮುಂದಿನವನಿಗೆ ಕೇಳಬೇಕು, ಲಾರಿಯವರ ಮಾತುಕತೆಯೇ ಅದು ಅನ್ನುತ್ತಿದ್ದ.

ಆ ರಾತ್ರಿ ಬ್ಯಾಡಗಿಯಿಂದ ಮೆಣಸಿನಕಾಯಿ ಚೀಲ ತುಂಬಿಕೊಂಡು ಬೆಳಗಾವಿಗೆ ಹೊರಟಿದ್ದೆವು. ಲೋಡಿನ ಹಗ್ಗ ಕಟ್ಟಿದವನು ನಾನು. ಹಗ್ಗ ಸಡಿಲಾಗಿದೆಯೆಂದು ಅಣ್ಣ ಹಮಾಲರ ಮುಂದೆಯೇ ನನ್ನನ್ನು ಬೈದಿದ್ದ. ಹಗ್ಗ ಬಿಗಿಯಲು ಬರದವನು ಗಾಡಿ ಹೊಡೆಯುತ್ತಾನಂತೆ ಅಂದ. ಅವರು ನಕ್ಕರು. ಆ ನಗು ನನ್ನ ಎದೆಯೊಳಗೆ ಕುದಿಯುತ್ತಲೇ ಇತ್ತು. ಸ್ಟೇರಿಂಗ್ ನನ್ನ ಕೈಯಲ್ಲಿತ್ತು.

ಗಬ್ಬೂರು ದಾಟಿ ಬೈಪಾಸ್ ಹಿಡಿದ ಮೇಲೆ ಹಿಂದೆ ಪಟ್ ಪಟ್ ಎಂದು ಸಪ್ಪಳ ಶುರುವಾಯಿತು. ಬಿಚ್ಚಿದ ಹಗ್ಗದ ತುದಿ ಲೋಡಿಗೆ ಹೊದಿಸಿದ ತಾಡಪತ್ರಿಗೆ ಬಡಿಯುತ್ತಿತ್ತು. ನಾನೇ ಕಟ್ಟಿದ ಹಗ್ಗ. ಒಂದು ಸಣ್ಣ ಮೋರಿಯ ಹತ್ತಿರ ಗಾಡಿ ಬದಿಗೆ ಹಾಕಿದೆ.

ಅಣ್ಣ ಬಾಗಿಲು ತೆಗೆದು ಇಳಿಯುತ್ತಾ ಹೇಳಿದ:

"ಬಂದ್ ಮಾಡಲೇ. ನಾ ಹಿಂದ ಹೊಂಟೇನಿ."

"ಬಂದ್ ಮಾಡಿದ್ರ ದೂಡಾವ್ರ ಯಾರು? ನೀ ದೂಡ್ತಿ?"

"ನಾನ ದೂಡ್ತೇನಿ. ಹಿಂದಿನಾವನ ದನಿ ನಿನಗ ಕೇಳಬೇಕೋ ಬ್ಯಾಡೋ?"

"ನಿಂದ ಕೇಳಿ ಕೇಳಿ ಸಾಕಾಗೇತಿ ನನಗ," ಅಂದೆ.

ನಾನು ಅಣ್ಣನಿಗೆ ಆಡಿದ ಕಡೆಯ ಮಾತು ಅದೇ.

ಅವನು ಮೆಣಸಿನಕಾಯಿ ಘಾಟಿಗೆ ಕೆಮ್ಮುತ್ತಾ ಹಿಂದಕ್ಕೆ ಹೋದ. ಘಾಟು ಒಳಗೆ ಬಾರದಿರಲೆಂದು ನಾನು ಗ್ಲಾಸ್ ಏರಿಸಿಕೊಂಡೆ. ಇಂಜಿನ್ ಗಡಗಡ ಅನ್ನುತ್ತಲೇ ಇತ್ತು. ನಿಂತ ಗಾಡಿಯ ಆ ನಡುಕ ಒಂಥರಾ ತೊಟ್ಟಿಲು. ಸಿಟ್ಟಿನಲ್ಲಿ ಕಣ್ಣು ಮುಚ್ಚಿದೆ. ತಡ ಮಾಡಲಿ, ಬೇಕಂತಲೇ ಮಾಡುತ್ತಾನೆ ಅಂದುಕೊಂಡೆ... ನಿದ್ದೆ ಹತ್ತಿತು.

ಎಚ್ಚರಾದಾಗ ಮೂಡಣದಲ್ಲಿ ಬೆಳಕು ಹರಿಯುತ್ತಿತ್ತು. ಇಂಜಿನ್ ಇನ್ನೂ ಓಡುತ್ತಿತ್ತು. ಪಕ್ಕದ ಸೀಟು ಖಾಲಿ, ಅಣ್ಣನ ಮೊಬೈಲ್ ಅಲ್ಲೇ ಬಿದ್ದಿತ್ತು.

ಅಣ್ಣ ಮೋರಿಯ ಕೆಳಗಿನ ತಗ್ಗಿನಲ್ಲಿ ಬಿದ್ದಿದ್ದ. ಲೋಡಿನ ಮೇಲೆ ಹತ್ತಿ ಜಗ್ಗುವಾಗ ಹಗ್ಗ ಬಿಚ್ಚಿಕೊಂಡು ಹಿಮ್ಮುಖವಾಗಿ ಬಿದ್ದಿರಬೇಕು. ಮೈ ತಣ್ಣಗಾಗಿತ್ತು. ಅವನ ಬಲಗೈಯ ಉಗುರುಗಳಲ್ಲಿ ಮಣ್ಣು ತುಂಬಿತ್ತು. ಬೆರಳ ತುದಿಗಳು ಕಿತ್ತು ಹೋಗಿದ್ದವು. ಯಾಕೆಂದು ಮೊದಲು ತಿಳಿಯಲಿಲ್ಲ.

ಆಮೇಲೆ ಗಾಡಿಯ ಕಡೆ ನೋಡಿದೆ.

ಹಿಂದಿನ ಗಾಲಿಯ ಹತ್ತಿರ ಕಲ್ಲುಗಳು ಬಿದ್ದಿದ್ದವು. ಹಸಿ ಮಣ್ಣು ಮೆತ್ತಿದ ಕಲ್ಲುಗಳು. ಬಾಡಿಯ ಮೇಲೆ ಅಲ್ಲಲ್ಲಿ ಬಣ್ಣ ಎದ್ದು ಒಳಗಿನ ತಗಡು ಮಿಂಚುತ್ತಿತ್ತು. ಏಳಲು ಆಗದೆ, ಕೂಗಿದರೆ ಕೇಳದೆ, ಅವನು ಮಲಗಿದಲ್ಲಿಂದಲೇ ನೆಲ ಕೆರೆದು ಕಲ್ಲು ಕಿತ್ತು ಗಾಡಿಗೆ ಎಸೆದಿದ್ದ. ನನ್ನನ್ನು ಎಬ್ಬಿಸಲು.

ಯಾರಿಗೂ ಫೋನ್ ಮಾಡುವ ಮೊದಲು ಆ ಕಲ್ಲುಗಳನ್ನೆಲ್ಲ ಆರಿಸಿ ದೂರ ಎಸೆದೆ.

ಅಣ್ಣ ಬೈರಿದೇವರಕೊಪ್ಪದಲ್ಲಿ ಬೇರೆ ಮನೆ ಮಾಡಿದ್ದ, ವೈನಿ ಅಲ್ಲೇ ಇದ್ದಳು. ವೈನಿ ಅಂದರೆ ಅಣ್ಣನ ಹೆಂಡತಿ, ಶಾಂತವ್ವ. ಬಿದ್ದ ಕೂಡಲೇ ಜೀವ ಹೋಗಿದೆ, ಏನೂ ನರಳಲಿಲ್ಲ ಎಂದು ಅವಳಿಗೆ ಹೇಳಿದೆ. ಅವಳು ಅಳಲಿಲ್ಲ. ನನ್ನ ಮುಖವನ್ನೇ ನೋಡುತ್ತಾ ಒಂದೇ ಮಾತು ಕೇಳಿದಳು.

"ಆವಾಗ ನೀ ಏನ ಮಾಡಾಕತ್ತಿದ್ದಿ?"

ನಾನು ಚಪ್ಪಲಿ ಮೆಟ್ಟಿಕೊಂಡು ಹೊರಗೆ ಬಂದೆ. ಅಂದಿನಿಂದ ಆ ಮನೆಗೆ ಹೋದಾಗಲೆಲ್ಲ ಅವಳು ಚರಿಗೆಯಲ್ಲಿ ನೀರು ತಂದಿಡುತ್ತಿದ್ದಳು, ಕುಡಿ ಅನ್ನುತ್ತಿರಲಿಲ್ಲ. ಬಾಗಿಲಲ್ಲಿ ನಿಂತು ಅದೇ ಮಾತು ಕೇಳುತ್ತಿದ್ದಳು. ಕಡೆಗೆ ನಾನು ಹೋಗುವುದನ್ನೇ ಬಿಟ್ಟೆ.

ಮಾಲೀಕರು ಹೊಸ ಬ್ಯಾಟರಿ ಹಾಕಿಸಿದರು. ಈಗ ಸೆಲ್ಫ್ ಹೊಡೆದರೆ ಗಾಡಿ ತಟ್ಟನೆ ಚಾಲೂ ಆಗುತ್ತಿತ್ತು. ಆದರೂ ನಾನು ರಾತ್ರಿ ಹೊತ್ತು ಇಂಜಿನ್ ಬಂದ್ ಮಾಡುತ್ತಿರಲಿಲ್ಲ. ಗಬ್ಬೂರಿನ ಹತ್ತಿರ ಪಂಕ್ಚರ್ ಹಾಕುವ ಖಾದರ್ ಕಾಕಾ ನಗುತ್ತಿದ್ದರು.

"ಏನಲೇ ಮಲ್ಲ್ಯಾ, ಕೂಸಿಗೆ ತೊಟ್ಟಿಲಾ ತೂಗಿದಂಗ ಇಂಜಿನ್ ತೂಗತಿಯಲ್ಲೋ. ಬಂದ್ ಮಾಡಿದ್ರ ಏನ ಅಳತೈತೇನು?"

ನಾನೂ ನಕ್ಕಂತೆ ಮಾಡುತ್ತಿದ್ದೆ. ಬಂದ್ ಮಾಡಿದರೆ ಏನು ಕೇಳುತ್ತದೋ ಎಂಬ ಹೆದರಿಕೆ ನನಗೆ. ಅದನ್ನು ಅವರಿಗೆ ಹೇಗೆ ಹೇಳಲಿ?

ಮತ್ತೆ ಮೆಣಸಿನಕಾಯಿ ಸುಗ್ಗಿ ಬಂತು. ಮತ್ತೆ ಬ್ಯಾಡಗಿ ಲೋಡು. ಈ ಸಲ ಜೊತೆಗೆ ಯಾರೂ ಇರಲಿಲ್ಲ. ಹಗ್ಗವನ್ನು ಎರಡೆರಡು ಸಲ ಬಿಗಿದಿದ್ದೆ. ಗಂಟಿಗೆ ಕಾಲು ಕೊಟ್ಟು ಜಗ್ಗಿ ನೋಡಿದ್ದೆ.

ಗಬ್ಬೂರು ದಾಟಿದೆ. ಬೈಪಾಸ್.

ಪಟ್... ಪಟ್... ಪಟ್...

ನಾನು ನಿಲ್ಲಿಸಬಾರದೆಂದು ಎಕ್ಸಿಲೇಟರ್ ಒತ್ತಿದೆ. ಸಪ್ಪಳ ಜೋರಾಯಿತು. ಕನ್ನಡಿಯಲ್ಲಿ ಲೋಡು ಒಂದು ಕಡೆ ವಾಲಿದ್ದು ಕಾಣಿಸಿತು. ಚೀಲ ಬಿದ್ದು ಹಿಂದೆ ಬರುವ ಬೈಕಿನವನು ಸತ್ತರೆ? ಬದಿಗೆ ಹಾಕಿದೆ. ಹೆಡ್‌ಲೈಟ್ ಬೆಳಕಿನಲ್ಲಿ ಆ ಮೋರಿಯ ಕಲ್ಲು ಬೆಳ್ಳಗೆ ಕಂಡಿತು.

ಇಂಜಿನ್ ಚಾಲೂ ಬಿಟ್ಟು ಇಳಿದೆ. ಹಿಂದೆ ಹೋಗಿ ನೋಡಿದರೆ ಹಗ್ಗ ಬಿಚ್ಚಿರಲಿಲ್ಲ. ನಾನು ಕಟ್ಟಿದ ಗಂಟು ಹಾಗೇ ಬಿಗಿಯಾಗಿತ್ತು. ಲೋಡೂ ವಾಲಿರಲಿಲ್ಲ.

ಗಾಳಿ ಇರಲಿಲ್ಲ. ಮೆಣಸಿನಕಾಯಿ ಘಾಟು ಮೂಗು ಸುಡುತ್ತಿತ್ತು. ಮುಂದೆ ಇಂಜಿನ್ ಗಡಗಡ ಅನ್ನುತ್ತಿತ್ತು. ಅಣ್ಣ ನಿಂತ ಜಾಗದಲ್ಲಿಯೇ ನಾನು ನಿಂತಿದ್ದೇನೆ ಎಂಬುದು ಆಗ ಹೊಳೆಯಿತು. ಯಾಕೋ ಗೊತ್ತಿಲ್ಲ, ಬಾಯಿ ತೆರೆದು "ಮಲ್ಲ್ಯಾ" ಎಂದು ಕೂಗಿದೆ. ನನ್ನ ದನಿ ನನಗೇ ಕೇಳಲಿಲ್ಲ. ಇಂಜಿನ್ ಅದನ್ನು ನುಂಗಿಬಿಟ್ಟಿತು.

ಅಷ್ಟರಲ್ಲಿ ಇಂಜಿನ್ ನಿಂತಿತು.

ಕೆಮ್ಮಿ, ಜಗ್ಗಾಡಿ ನಿಂತದ್ದಲ್ಲ. ಯಾರೋ ಕೈ ಹಾಕಿ ಬಂದ್ ಮಾಡಿದಂತೆ, ಒಮ್ಮೆಲೇ.

ಕಿವಿಯೊಳಗೆ ಕತ್ತಲು ಹೊಕ್ಕಂತಾಯಿತು. ಒಂದು ಹುಳದ ಸದ್ದೂ ಇಲ್ಲ...

ಟಣ್!

ನನ್ನ ತಲೆಯ ಪಕ್ಕದಲ್ಲೇ ಬಾಡಿಯ ತಗಡಿಗೆ ಕಲ್ಲು ಬಡಿಯಿತು. ಹೊರಳುವಷ್ಟರಲ್ಲಿ ಇನ್ನೊಂದು ನನ್ನ ಬೆನ್ನಿಗೆ ಬಿತ್ತು. ಕರೆಯುವವನು ಎಸೆದ ಕಲ್ಲಲ್ಲ ಅದು. ಕೊಲ್ಲುವವನು ಎಸೆದದ್ದು. ಉಸಿರು ಕಟ್ಟಿ ಗಾಲಿಗೆ ಒರಗಿದೆ.

ಟಣ್. ಮತ್ತೊಂದು. ತಗ್ಗಿನ ಕಡೆಯಿಂದಲೇ ಬರುತ್ತಿದ್ದವು. ಮೊಬೈಲ್ ಬೆಳಕು ಹಿಡಿದೆ. ಹುಲ್ಲು, ಮಣ್ಣು, ಮೋರಿಯ ಕಲ್ಲು. ಯಾರೂ ಇಲ್ಲ. ಬೆಳಕಿನ ಆಚೆ ಎಲ್ಲಿಂದಲೋ ಉಗುರಿನಿಂದ ನೆಲ ಕೆರೆಯುವ ಸಪ್ಪಳ... ಆಮೇಲೆ ಕಲ್ಲು... ಮತ್ತೆ ಕೆರೆಯುವ ಸಪ್ಪಳ...

ಬರಬರುತ್ತ ಕಲ್ಲುಗಳು ಮೆಲ್ಲಗಾದವು. ಟಣ್ ಅನ್ನುವುದು ಟಕ್ ಆಯಿತು. ಒಂದು ಗಾಲಿಯ ತನಕ ಬಂದು ಬಿತ್ತು. ಒಂದು ಅರ್ಧ ದಾರಿಯಲ್ಲೇ ಬಿತ್ತು. ಕಡೆಯದು ಎಸೆದಂತೆಯೂ ಇರಲಿಲ್ಲ. ಕೈಯಿಂದ ಜಾರಿ ಮಣ್ಣಲ್ಲಿ ಉರುಳಿದಂತೆ...

ನಂತರ ಒಂದು ಕೆಮ್ಮು. ಮೆಣಸಿನಕಾಯಿ ಘಾಟಿಗೆ ಅಣ್ಣ ಕೆಮ್ಮುವ ಕೆಮ್ಮು.

ಹೇಗೆ ಕ್ಯಾಬಿನ್ ಹತ್ತಿದೆನೋ ತಿಳಿಯದು. ಸೆಲ್ಫ್ ಹೊಡೆದೆ. ತಿರುಗಿತು, ಹಿಡಿಯಲಿಲ್ಲ. ಮತ್ತೆ ಹೊಡೆದೆ. ಹಿಡಿಯಲಿಲ್ಲ. ಹೊಸ ಬ್ಯಾಟರಿ, ಟ್ಯಾಂಕ್ ತುಂಬ ಡೀಸೆಲ್. ಹಣೆಯ ಬೆವರು ಕಣ್ಣಿಗೆ ಇಳಿಯುತ್ತಿತ್ತು. ಕೆಳಗೆ ನೋಡಿದೆ.

ಸ್ಟಾಪರ್ ಪೂರ್ತಿ ಹೊರಗೆ ಬಂದಿತ್ತು.

ಅದು ತಾನಾಗಿ ಬರುವುದಿಲ್ಲ. ಜಗ್ಗಬೇಕು. ಹಿಡಿಗೆ ಮಣ್ಣು ಮೆತ್ತಿತ್ತು. ಮುಟ್ಟಿದರೆ ಹಸಿ.

ಅದನ್ನು ಒಳಗೆ ಒತ್ತಿದ್ದು, ಗಾಡಿ ಚಾಲೂ ಆದದ್ದು, ಮುಂದೆ ಸಿಕ್ಕ ರಸ್ತೆಯಲ್ಲಿ ಹೊರಳಿಸಿದ್ದು ಎಲ್ಲ ಮಂಜು ಮಂಜು. ಬೆಳಗಾವಿಯ ನೆನಪೇ ಆಗಲಿಲ್ಲ. ಬೆಳಕು ಹರಿಯುವ ಮುನ್ನ ಬೈರಿದೇವರಕೊಪ್ಪದಲ್ಲಿ ವೈನಿಯ ಮನೆಯ ಮುಂದೆ ನಿಂತಿದ್ದೆ. ಗಾಡಿಯ ಆ ಬದಿಗೆ ಖಾಲಿ ಸೈಟಿನ ಕಂಪೌಂಡ್ ಗೋಡೆ, ಒಬ್ಬ ಮನುಷ್ಯ ತೂರುವಷ್ಟೂ ಸಂದಿಲ್ಲ. ಈ ಬದಿಗೆ ಮನೆಯ ಬಾಗಿಲು.

ವೈನಿ ಅಂಗಳಕ್ಕೆ ನೀರು ಹೊಡೆಯುತ್ತಿದ್ದಳು. ನನ್ನನ್ನು ನೋಡಿ ಕೊಡ ಕೆಳಗಿಟ್ಟಳು. ನಾನು ಬಾಗಿಲು ತೆಗೆದು ಕೂತಲ್ಲಿಂದಲೇ ಮಾತು ಶುರು ಮಾಡಿದೆ. ಏನು ಹೇಳಿದೆನೋ ನನಗೇ ನೆನಪಿಲ್ಲ. ಅವಳು ಕಿವಿಗೆ ಕೈ ಹಿಡಿದಳು.

"ಗಾಡಿ ಬಂದ್ ಮಾಡು. ನೀ ಏನ ಅಂತಿ, ಒಂದೂ ಕೇಳಸವಲ್ದು."

ಒಂದು ವರ್ಷದಿಂದ ರಾತ್ರಿ ಹೊತ್ತು ಮಾಡದ ಕೆಲಸ. ಕರಿ ಹಿಡಿಯ ಮೇಲೆ ಕೈ ಇಟ್ಟೆ. ಬೆರಳು ಒಪ್ಪಲಿಲ್ಲ. ವೈನಿ ಕಾಯುತ್ತಾ ನಿಂತೇ ಇದ್ದಳು. ಎಳೆದೆ.

ಇಂಜಿನ್ ನಿಂತಿತು. ಎಲ್ಲಿಯೋ ಒಂದು ನಾಯಿ ಬೊಗಳಿ ಸುಮ್ಮನಾಯಿತು. ನಾನು ಇಳಿದು ಅವಳ ಮುಂದೆ ನಿಂತೆ.

ಟಕ್.

ಗೋಡೆಯ ಬದಿಯಿಂದ ಬಂತು. ವೈನಿ ತಿರುಗಿ ನೋಡಿದಳು.

"ಯಾರದು? ಗಾಡಿಗೆ ಕಲ್ಲ ಒಗ್ಯಾಕತ್ತಾರಲ್ಲ..."

ಅವಳಿಗೂ ಕೇಳಿಸಿತ್ತು. ನಾನೊಬ್ಬನೇ ಕೇಳಿದ್ದರೆ ನನ್ನ ತಲೆ ಕೆಟ್ಟಿದೆ ಅಂದುಕೊಂಡು ಸುಮ್ಮನಿರುತ್ತಿದ್ದೆನೋ ಏನೋ. ಆ ಬದಿಗೆ ಹೋಗಿ ನೋಡುವ ಧೈರ್ಯ ನನಗೆ ಆಗಲೂ ಬರಲಿಲ್ಲ, ಈಗಲೂ ಇಲ್ಲ. ಈಗ ಎಲ್ಲೇ ನಿಂತರೂ ನಾನು ಇಂಜಿನ್ ಬಂದ್ ಮಾಡುತ್ತೇನೆ. ಮಾಡಿ, ಉಸಿರು ಹಿಡಿದು ಕೂರುತ್ತೇನೆ. ಎಷ್ಟೋ ರಾತ್ರಿ ಏನೂ ಕೇಳುವುದಿಲ್ಲ. ಕೆಲವು ರಾತ್ರಿ...

ಆದರೆ ಆ ನಸುಕಿನಲ್ಲಿ ವೈನಿ ಗಾಡಿಯ ಕಡೆ ಹೆಜ್ಜೆ ಇಟ್ಟಾಗ ನಾನು ಅಡ್ಡ ನಿಂತೆ. ಅವಳ ಕಾಲ ಬಳಿ, ಅವಳು ಹೊಡೆದ ನೀರಿನಲ್ಲಿಯೇ ಕೂತೆ.

"ವೈನಿ, ಅಣ್ಣ ಬಿದ್ದ ಕೂಡ್ಲೆ ಹೋಗಿರಲಿಲ್ರಿ. ಕಲ್ಲ ಒಗದು ಒಗದು ನನ್ನ ಕರದಾನ. ಅಂವಾ ಬಂದ್ ಮಾಡಂದ, ನಾ ಸಿಟ್ಟೀಲೆ ಚಾಲೂ ಬಿಟ್ಟು ಮಕ್ಕೊಂಡಿದ್ದೆ. ನಿಮಗ ಸುಳ್ಳ ಹೇಳೇನಿ."

ವೈನಿಯ ಕಣ್ಣು ನನ್ನ ಮೇಲಿರಲಿಲ್ಲ, ಗಾಡಿಯ ಮೇಲಿತ್ತು. ಅಲ್ಲಿಂದ ಮತ್ತೆ ಉಗುರಿನಿಂದ ನೆಲ ಕೆರೆಯುವ ಸಪ್ಪಳ ಬರುತ್ತಿತ್ತು.

ನಾನು ಆ ಕಡೆ ಮುಖ ಮಾಡಿದೆ. ನನ್ನ ದನಿ ಈ ಸಲ ನನಗೆ ಸ್ಪಷ್ಟವಾಗಿ ಕೇಳಿತು.

"ಅಣ್ಣಾ, ತಪ್ಪಾತೋ. ನಾ ಬಂದ್ ಮಾಡಬೇಕಾಗಿತ್ತು. ತಪ್ಪಾತು."