ಶನಿವಾರ ಐದರಿಂದ ಏಳು

ಜಯರಾಮ ಸುಳ್ಳು ಹೇಳುವ ಪೈಕಿ ಅಲ್ಲ. ಸಾಫ್ಟ್‌ವೇರ್ ಕಂಪನಿಯಲ್ಲಿ ಕೂತು ಬೇರೆಯವರು ಬರೆದದ್ದರಲ್ಲಿ ತಪ್ಪು ಹುಡುಕುವುದನ್ನೇ ಇಪ್ಪತ್ತು ವರ್ಷ ಹೊಟ್ಟೆಪಾಡು ಮಾಡಿಕೊಂಡವನು. ಅಂಥವನು ಮಲೇಷ್ಯಾದ ಪೆಟಾಲಿಂಗ್ ಜಯಾದ ನಗರಸಭೆಗೆ ವರ್ಷಕ್ಕೆ ಎರಡು ಸಲ ಒಂದು ಅರ್ಜಿ ಕಳಿಸುತ್ತಿದ್ದ. ಅದರಲ್ಲಿ ಒಂದು ಸಾಲೂ ನಿಜವಿರಲಿಲ್ಲ.

ಬಡಾವಣೆಯ ಸಮುದಾಯ ಭವನವನ್ನು ಶನಿವಾರ ಸಂಜೆ ಐದರಿಂದ ಏಳರವರೆಗೆ ಬಿಟ್ಟುಕೊಡಬೇಕೆಂಬ ಅರ್ಜಿ ಅದು. ಉದ್ದೇಶ: ಮಕ್ಕಳ ಕನ್ನಡ ತರಗತಿ. ಅರ್ಜಿದಾರರು: ಸುಗಂಧಿ ಜಯರಾಮ. ಮಕ್ಕಳ ಸಂಖ್ಯೆ: ಹದಿನಾಲ್ಕು. ಹಿಂದಿನ ಅರ್ಜಿಗೂ ಇದಕ್ಕೂ ಏನಾದರೂ ಬದಲಾವಣೆ ಇದೆಯೇ ಎಂದು ಕೊನೆಯಲ್ಲಿ ಕೇಳಿರುತ್ತಾರೆ. ಜಯರಾಮ ‘ಇಲ್ಲ’ ಎಂಬ ಚೌಕಕ್ಕೆ ಗುರುತು ಹಾಕುತ್ತಿದ್ದ. ಹೆಂಡತಿ ಸುಗಂಧಿ ತೀರಿಕೊಂಡು ಎರಡು ವರ್ಷವಾಗಿತ್ತು.

ಆ ತರಗತಿ ಅವಳದೇ ಹಟ. ಇಲ್ಲಿ ಹುಟ್ಟಿದ ಮಕ್ಕಳಿಗೆ ಕನ್ನಡ ಅರ್ಥವಾಗುತ್ತದೆ, ಬಾಯಿ ತೆರೆದರೆ ಇಂಗ್ಲಿಷ್. ಅವಳು ಡಬ್ಬಿಯಲ್ಲಿ ಕೋಡುಬಳೆ ತುಂಬಿಕೊಂಡು ಹೋಗುತ್ತಿದ್ದಳು, ಕನ್ನಡದಲ್ಲಿ ಕೇಳುವವರೆಗೆ ಮುಚ್ಚಳ ತೆಗೆಯುತ್ತಿರಲಿಲ್ಲ. ಮಗಳು ಇಂಚರಳೊಬ್ಬಳಿಂದ ಶುರುವಾದದ್ದು ಹದಿನಾಲ್ಕು ಮಕ್ಕಳವರೆಗೆ ಬೆಳೆಯಿತು. ಹೀಗಿರುವಾಗ ಒಂದು ಬೆಳಿಗ್ಗೆ ಅಡುಗೆಮನೆಯಲ್ಲಿ ತಲೆನೋವೆಂದು ಕೂತವಳು ಸಂಜೆ ಆಸ್ಪತ್ರೆಯಲ್ಲಿ ಹೋಗಿಬಿಟ್ಟಳು. ತರಗತಿಯನ್ನು ಯಾರ್‍ಯಾರೋ ನಾಲ್ಕು ತಿಂಗಳು ಎಳೆದರು. ಆಮೇಲೆ ಕೆಲವರಿಗೆ ಟ್ಯೂಷನ್ ಬಂತು, ಕೆಲವರ ಅಪ್ಪಂದಿರಿಗೆ ಸಿಂಗಪುರಕ್ಕೆ ವರ್ಗವಾಯಿತು. ಒಂದು ಶನಿವಾರ ಯಾರೂ ಬರಲಿಲ್ಲ. ಮುಂದಿನ ಶನಿವಾರವೂ ಜಯರಾಮ ಹೋದ.

ಹೋಗಿ ಏನು ಮಾಡುತ್ತಿದ್ದ ಅಂದರೆ, ಏನೂ ಇಲ್ಲ. ಬೀಗ ತೆಗೆದು, ಫ್ಯಾನ್ ಹಾಕಿ, ಹದಿನಾಲ್ಕು ಪ್ಲಾಸ್ಟಿಕ್ ಕುರ್ಚಿ ಸಾಲಾಗಿ ಇಟ್ಟು, ಎದುರಿಗೆ ಒಂದರಲ್ಲಿ ಕೂರುತ್ತಿದ್ದ. ಹೊರಗೆ ಕಾರು ನಿಲ್ಲಿಸುವ ಜಾಗದಲ್ಲಿ ಹುಡುಗರು ಚೆಂಡು ಒದೆಯುವ ಸದ್ದು, ಕಾರು ಬಂದಾಗ ಕೂಗಾಟ. ಏಳಕ್ಕೆ ಕುರ್ಚಿ ಪೇರಿಸಿ, ಬೀಗ ಹಾಕಿ, ತಮಿಳು ಮುಸಲ್ಮಾನರ ಮಾಮಾಕ್ ಹೋಟೆಲಿನಿಂದ ರೋಟಿ ಕಟ್ಟಿಸಿಕೊಂಡು, ಅಲ್ಲಿಯ ಮಾತಲ್ಲಿ ತಪಾವ್ ಮಾಡಿಸಿಕೊಂಡು, ಮನೆಗೆ. ಅಸ್ಥಿಯನ್ನು ಶ್ರೀರಂಗಪಟ್ಟಣದಲ್ಲಿ ಬಿಟ್ಟು ಬಂದ ಮರುದಿನವೇ ಆಫೀಸಿಗೆ ಹೋದನೆಂದು, ಕಣ್ಣಲ್ಲಿ ಒಂದು ಹನಿ ನೀರು ಬರಲಿಲ್ಲವೆಂದು ಜನ ಅವನನ್ನು ಗಟ್ಟಿ ಮನುಷ್ಯ ಎಂದರು. ಗಟ್ಟಿಯೂ ಇಲ್ಲ, ಮಣ್ಣಂಗಟ್ಟಿಯೂ ಇಲ್ಲ. ಜೋಮು ಹಿಡಿದ ಕಾಲಿನಂತೆ ಆಗಿದ್ದ, ಅಷ್ಟೇ. ಚಿವುಟಿದರೂ ಗೊತ್ತಾಗುತ್ತಿರಲಿಲ್ಲ.

ಮಗಳಿಗೆ ಇದು ಯಾವುದೂ ತಿಳಿಯದು. ಅಮ್ಮ ಹೋಗುವ ಒಂದು ತಿಂಗಳ ಮುಂಚೆ ಇಂಚರ ಎಲ್ಲ ಮಕ್ಕಳೆದುರು ಈ ಕ್ಲಾಸ್ ಬೋರು ಎಂದು ಎದ್ದು ಹೋಗಿದ್ದಳು. ಅದಾದ ಮೇಲೆ ಅವಳು ಆ ಮಾತನ್ನು ಎತ್ತಲಿಲ್ಲ. ಶನಿವಾರ ಅಪ್ಪ ‘ಕ್ಲಾಸಿಗೆ ಹೋಗಿ ಬರ್ತೀನಿ’ ಅಂದರೆ ಕಿವಿಗೆ ಹೆಡ್‌ಫೋನ್ ಸಿಕ್ಕಿಸಿಕೊಂಡೇ ತಲೆಯಾಡಿಸುತ್ತಿದ್ದಳು. ಅಮ್ಮನ ಕೆಲಸವನ್ನು ಅಪ್ಪ ಮುಂದುವರಿಸಿದ್ದಾನೆ ಎಂದೇ ಅವಳ ನಂಬಿಕೆ.

ಈ ವರ್ಷ ಹದಿನಾರು ತುಂಬಿದ ಇಂಚರ ನಗರದ ಯುವ ಮಂಡಳಿಗೆ ಆಯ್ಕೆಯಾದಳು. ಹದಿಹರೆಯದವರಿಗೆ ವಾರಾಂತ್ಯದಲ್ಲಿ ಏನೇನು ಕಾರ್ಯಕ್ರಮ ಇಡಬೇಕೆಂದು ಆ ವಯಸ್ಸಿನವರೇ ಕೂತು ಯೋಚಿಸಿ ನಗರಸಭೆಗೆ ಹೇಳುವ ಮಂಡಳಿ. ಅವರು ನಾನೂರು ಮಕ್ಕಳನ್ನು ಕೇಳಿದರು. ಕೆಲವರು ಡ್ಯಾನ್ಸ್ ಅಂದರು, ಕೆಲವರು ಕೇರಂ ಅಂದರು, ಬಹಳ ಮಂದಿ ಯಾರ ಬೈಗುಳವೂ ಇಲ್ಲದೆ ಫ್ಯಾನ್ ಕೆಳಗೆ ಕೂರಲು ಒಂದು ಜಾಗ ಸಾಕು ಅಂದರು. ಆದರೆ ಭವನಗಳೆಲ್ಲ ಕಾಗದದ ಮೇಲೆ ಭರ್ತಿ. ಮಂಡಳಿಯನ್ನು ನೋಡಿಕೊಳ್ಳುವ ಅಧಿಕಾರಿ ಪುವಾನ್ ರೊಹಾನಾ, ಅಂದರೆ ಶ್ರೀಮತಿ ರೊಹಾನಾ, ಚುರುಕು ಹೆಂಗಸು. ಕಾಗದ ಬಿಡಿ, ಇಬ್ಬಿಬ್ಬರಾಗಿ ಹೋಗಿ ತಲೆ ಎಣಿಸಿಕೊಂಡು ಬನ್ನಿ, ಖಾಲಿ ಇದ್ದದ್ದನ್ನು ನಿಮಗೆ ಕೊಡಿಸುತ್ತೇನೆ ಎಂದರು.

ಇಂಚರ ಇದನ್ನೆಲ್ಲ ಊಟದ ಹೊತ್ತಿಗೆ ಹೇಳಿದಳು. ಹೆಚ್ಚಿನ ದೂರು ತಮ್ಮ ಬಡಾವಣೆಯ ಭವನದ ಮೇಲೆಯೇ ಬಂದಿತ್ತಂತೆ. ಅಲ್ಲಿ ಶನಿವಾರ ಸಂಜೆ ಯಾವಾಗ ನೋಡಿದರೂ ಒಬ್ಬ ಅಂಕಲ್ ಮಾತ್ರ ಇರುತ್ತಾರೆ ಎಂದು ಯಾರೋ ಹುಡುಗ ಬರೆದಿದ್ದನಂತೆ.

“ಡೋಂಟ್ ವರಿ ಅಪ್ಪ,” ಎಂದಳು. “ಐ ಟೋಲ್ಡ್ ದೆಮ್ ಹಿ ಈಸ್ ಲೈಯಿಂಗ್. ಮೈ ಫಾದರ್ ರನ್ಸ್ ದಟ್ ಕ್ಲಾಸ್, ಫೋರ್ಟೀನ್ ಕಿಡ್ಸ್. ನಾನೇ ಬಂದು ಕೌಂಟ್ ಮಾಡ್ತೀನಿ ಅಂದೆ.”

ಹೇಳಬೇಕಾದ್ದು ಆಗಲೇ. ಜಯರಾಮ ಬಾಯಿಗೆ ಬಂದದ್ದನ್ನು ರೋಟಿಯ ಜೊತೆ ನುಂಗಿದ. ಭವನ ಹೋದರೆ ಹೋಗಲಿ ಅನ್ನಬಹುದಿತ್ತು. ಆದರೆ ಮಗಳು ಹತ್ತು ಜನರೆದುರು ಅಪ್ಪನ ಪರ ಮಾತು ಕೊಟ್ಟು ಬಂದಿದ್ದಾಳೆ. ಶನಿವಾರ ಅವಳೇ ಸುಳ್ಳಿಯಾಗುತ್ತಾಳೆ.

ಗುರುವಾರ ಅವನು ಒಂದು ಮೂರ್ಖ ಕೆಲಸಕ್ಕೆ ಕೈಹಾಕಿದ. ಹಳೆಯ ಪಟ್ಟಿ ತೆಗೆದು ಒಂದೊಂದೇ ಮನೆಗೆ ಫೋನ್ ಮಾಡಿ, ಒಂದು ಶನಿವಾರದ ಮಟ್ಟಿಗೆ ಮಕ್ಕಳನ್ನು ಕಳಿಸಿ ಎಂದು ಕೇಳಿದ. ಐದು ಕುಟುಂಬ ದೇಶದಲ್ಲೇ ಇರಲಿಲ್ಲ. ಮೂವರಿಗೆ ಪರೀಕ್ಷೆ. ಮಂಗಳೂರಿನ ಡೆನ್ಜಿಲ್ ಮಾತ್ರ ಪೂರ್ತಿ ಕೇಳಿಸಿಕೊಂಡ.

“ಮಾರಾಯ, ನಮ್ಮ ಜೋಯ್ಸನ್ ಈಗ ಕಾಲೇಜು. ಗಡ್ಡ ಬಿಟ್ಟಿದ್ದಾನೆ,” ಎಂದ. “ಅವನನ್ನು ಅ ಆ ಇ ಈ ಕಲಿಲಿಕ್ಕೆ ಕೂರಿಸುದಾ? ನೀನು ಮಗಳಿಗೆ ಹೇಳಿಬಿಡು.”

ಜಯರಾಮನ ಅರ್ಜಿಯಲ್ಲಿ ಆ ಮಕ್ಕಳು ಯಾರೂ ದೊಡ್ಡವರಾಗಿರಲಿಲ್ಲ. ಫೋನ್ ಇಟ್ಟ ಮೇಲೂ ಮಗಳಿಗೆ ಹೇಳಲಿಲ್ಲ. ಧೈರ್ಯ ಸಾಲದೆ ಅಲ್ಲ. ಹೇಳಬೇಕು ಅನ್ನುವ ತಳಮಳವೇ ಅವನಲ್ಲಿ ಹುಟ್ಟಲಿಲ್ಲ.

ಶನಿವಾರ ಎಂದಿನಂತೆ ಕುರ್ಚಿ ಹಾಕಿ ಕೂತಿದ್ದ. ಐದೂ ಇಪ್ಪತ್ತಕ್ಕೆ ಇಂಚರ ಬಂದಳು, ಜೊತೆಗೆ ಮಂಡಳಿಯ ಇನ್ನೊಬ್ಬ ಹುಡುಗಿ ಆಯ್ನಾ. ಇಂಚರ ಬಾಗಿಲಲ್ಲೇ ನಿಂತುಬಿಟ್ಟಳು. ಖಾಲಿ ಕುರ್ಚಿಗಳನ್ನು ನೋಡಿದಳು, ಅಪ್ಪನನ್ನು ನೋಡಿದಳು, ಕೈಯಲ್ಲಿದ್ದ ಕಾಗದ ನೋಡಿದಳು.

ಆಯ್ನಾ ಒಳ್ಳೆಯ ಮನೆಯ ಹುಡುಗಿ, ಹಿರಿಯರ ಮಾನ ಕಾಯುವುದು ಗೊತ್ತು. “ಟುಡೇ ಕ್ಲಾಸ್ ಕ್ಯಾನ್ಸಲ್ ಆ, ಅಂಕಲ್?” ಎಂದು ಮೆಲ್ಲಗೆ ಕೇಳಿದಳು.

ಒಂದು ಹೂಂ ಸಾಕಿತ್ತು. ಭವನ ಉಳಿಯುತ್ತಿತ್ತು, ಮಗಳ ಮಾತೂ ಉಳಿಯುತ್ತಿತ್ತು.

“ಅಪ್ಪ, ಹೌದು ಅನ್ನು,” ಎಂದಳು ಇಂಚರ. ಗೆಳತಿಗೆ ತಿಳಿಯಬಾರದೆಂದು ಕನ್ನಡದಲ್ಲಿ ಹೇಳಿದ್ದಳು. ಅವಳ ಬಾಯಲ್ಲಿ ಇಂಗ್ಲಿಷ್ ಬೆರೆಯದ ಕನ್ನಡವನ್ನು ಅವನು ಕೇಳಿ ವರ್ಷಗಳೇ ಆಗಿದ್ದವು.

ಜಯರಾಮ ಎದ್ದು ನಿಂತ. ಆಯ್ನಾಗೆ ಅರ್ಥವಾಗಲೆಂದು ಇಂಗ್ಲಿಷಿನಲ್ಲೇ ಹೇಳಿದ. ಇವತ್ತು ಮಾತ್ರವಲ್ಲ, ಒಂದೂವರೆ ವರ್ಷದಿಂದ ಇಲ್ಲಿ ತರಗತಿ ಇಲ್ಲ. ಅರ್ಜಿಯಲ್ಲಿ ಸುಳ್ಳು ಬರೆದವನು ನಾನು, ಮಗಳಿಗೂ ಸುಳ್ಳು ಹೇಳಿದ್ದೆ, ಅವಳು ನಂಬಿದ್ದಳು. ನಿಮ್ಮ ಮಂಡಳಿಯಲ್ಲಿ ಇದನ್ನು ಹೀಗೆಯೇ ಓದಿ.

ಆಯ್ನಾ ಕಣ್ಣು ಕೆಳಗೆ ಮಾಡಿ, ಶೌಚಾಲಯ ನೋಡಿ ಬರೆಯುವುದಿದೆ ಎಂದು ಹಿಂದುಗಡೆ ಹೋದಳು. ಇಂಚರ ಒಂದು ಕುರ್ಚಿಯಲ್ಲಿ ಕೂತಳು.

“ಈ ಫೋರ್ಟೀನ್‌ನಲ್ಲಿ ನಾನೂ ಇದೀನಾ?”

“ಇದೀಯ.”

“ನಾನು ಬಿಟ್ಟೆನಲ್ಲ. ತರ್ಟೀನ್ ಅಲ್ವಾ ಆಗ್ಬೇಕು?”

“ನಿಮ್ಮಮ್ಮ ನಿನ್ನ ಹೆಸರು ತೆಗೀಲಿಲ್ಲ ಪುಟ್ಟ. ನಾನೂ ತೆಗೀಲಿಲ್ಲ.”

ಆಯ್ನಾ ಬಂದಾಗ ಜಾಗ ಬಿಟ್ಟುಕೊಡುವ ಕಾಗದ ತೆಗೆಸಿ ಅಪ್ಪ ಮಗಳು ತುಂಬಿದರು. ಕಾರಣದ ಜಾಗದಲ್ಲಿ ಅರ್ಜಿದಾರರು ಮೃತರಾಗಿದ್ದಾರೆ ಎಂದು ಬರೆದು, ತಾರೀಖು ಹಾಕಿ, ಜಯರಾಮ ಸಹಿ ಮಾಡಿದ. ಸಾಕ್ಷಿಯ ಸಾಲಿನಲ್ಲಿ ಇಂಚರ ಸಹಿ ಮಾಡಿದಳು. ಯಾವತ್ತಿನಿಂದ ಖಾಲಿ ಎಂದು ಆಯ್ನಾ ಕೇಳಿದಾಗ, ಈಗಿನಿಂದಲೇ, ಇನ್ನೂ ಒಂದು ಗಂಟೆಯಿದೆ ಎಂದು ಜಯರಾಮ ಹೇಳಿದ. ಅವಳು ಹೋಗಿ ಚೆಂಡಾಡುವವರನ್ನು ಕರೆದಳು. ಅವರು ಬೆವರು ಒರೆಸಿಕೊಳ್ಳುತ್ತ ಒಳಗೆ ಬಂದು ಫ್ಯಾನ್ ಕೆಳಗೆ ನೆಲದ ಮೇಲೆಯೇ ಮಲಗಿದರು.

ಅಪ್ಪ ಮಗಳಿಗೆ ಅಲ್ಲಿ ಇನ್ನು ಕೆಲಸವಿರಲಿಲ್ಲ. ಹೊರಗೆ ಬಂದು ಮೆಟ್ಟಿಲ ಮೇಲೆ ಕೂತರು.

“ಇಷ್ಟು ದಿನ ಒಳಗೆ ಕೂತು ಏನ್ ಮಾಡ್ತಿದ್ದೆ?” ಇಂಚರ ಕೇಳಿದಳು.

“ಅಮ್ಮ ಹೋದಾಗಿಂದ ನಂಗೆ ಏನೂ ಅನ್ನಿಸ್ತಾನೇ ಇಲ್ಲ ಪುಟ್ಟ. ಅಳುನೂ ಬರಲ್ಲ. ಇಲ್ಲಿ ಬಂದು ಕೂತ್ರಾದ್ರೂ ಏನಾದ್ರೂ ಅನ್ನಿಸುತ್ತೇನೋ ಅಂತ ಬರ್ತಿದ್ದೆ.”

“ಅನ್ನಿಸ್ತಾ?”

“ಇಲ್ಲ.”

ಇಂಚರ ಚಪ್ಪಲಿಯ ತುದಿಯನ್ನೇ ನೋಡುತ್ತಿದ್ದಳು. “ನಂಗೂ ಅನ್ನಿಸಲ್ಲ,” ಎಂದಳು. “ನಾನೊಬ್ಳೇ ಹೀಗೆ, ನಾನು ಕೆಟ್ಟವಳು ಅಂದ್ಕೊಂಡಿದ್ದೆ.”

ಎರಡು ವರ್ಷ ಒಂದೇ ಮನೆಯಲ್ಲಿ ಇಬ್ಬರೂ ಹೀಗೇ ಇದ್ದರೆಂಬುದು ಜಯರಾಮನಿಗೆ ಆಗ ಗೊತ್ತಾಯಿತು.